ಮಳೆಮರದ ಕಲ್ಲುಹೂವು ಮತ್ತು ನನ್ನ ಒಂದು ತಪ್ಪು ಉತ್ತರ

ಅಭ್ಯಾಸ ಬೋಧನೆಯ ಎರಡನೇ ವಾರ. ಯಲಹಂಕದ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಏಳನೇ ತರಗತಿ, 31 ಮಕ್ಕಳು. ಪಾಠ ‘ಸಸ್ಯಗಳಲ್ಲಿ ಪೋಷಣೆ’. ಆ ಪಾಠದಲ್ಲಿ ಕಲ್ಲುಹೂವಿಗೆ ಸಿಕ್ಕಿರುವುದು ಪುಟ್ಟದೊಂದು ಪ್ಯಾರಾ. ಶೈವಲ ಮತ್ತು ಶಿಲೀಂಧ್ರ ಒಟ್ಟಿಗೆ ಬದುಕುತ್ತವೆ. ಶಿಲೀಂಧ್ರ ಆಸರೆ, ನೀರು, ಖನಿಜ ಒದಗಿಸುತ್ತದೆ. ಶೈವಲ ಆಹಾರ ತಯಾರಿಸಿ ಕೊಡುತ್ತದೆ. ಇದಕ್ಕೆ ಸಹಜೀವನ ಎನ್ನುತ್ತಾರೆ. ಅಷ್ಟೇ. ಹೆಚ್ಚಿನವರು ಅದನ್ನು ಗಟ್ಟಿಯಾಗಿ ಓದಿಸಿ ಮುಂದೆ ಹೋಗುತ್ತಾರೆ. ನಾನೂ ಹಾಗೆಯೇ ಹೋಗುತ್ತಿದ್ದೆನೋ ಏನೋ. ಆದರೆ ಅಂದು ಮಾರ್ಗದರ್ಶಕರು ನನ್ನ ಪಾಠ ವೀಕ್ಷಿಸಲು ಬರುವವರಿದ್ದರು, ಕೈಯಲ್ಲಿ ಏನಾದರೊಂದು ಬೋಧನೋಪಕರಣ ಇರಲೇಬೇಕಿತ್ತು.

ಹಿಂದಿನ ಸಂಜೆ ಆರ್.ಟಿ. ನಗರದ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಮಸಾಲೆಯ ಕಲ್ಲುಹೂವಿನ ಸಣ್ಣ ಪೊಟ್ಟಣ ಕೊಂಡೆ. ನಮ್ಮಮ್ಮ ಬಿಸಿಬೇಳೆಬಾತಿನ ಪುಡಿಗೆ ಮರಾಠಿ ಮೊಗ್ಗಿನ ಜೊತೆ ಹಾಕುವುದು ಇದನ್ನೇ. ಪೀಠಿಕೆಗೆ ಇದಕ್ಕಿಂತ ಒಳ್ಳೆಯದು ಏನಿದೆ? ವಾಸನೆ ಇದೆ, ಕೈಗೆ ಸಿಗುತ್ತದೆ, ಮಕ್ಕಳು ಅಡುಗೆಮನೆಯಲ್ಲಿ ನೋಡಿರುತ್ತಾರೆ. ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂದು ಪಾಠಯೋಜನೆಯಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ಪೀಠಿಕೆ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಪೊಟ್ಟಣ ಬೆಂಚಿನಿಂದ ಬೆಂಚಿಗೆ ಹೋಯಿತು. “ಬಿರಿಯಾನಿ ವಾಸನೆ ಮಿಸ್” ಎಂದರು. ಆಮೇಲೆ ಎಲ್ಲರನ್ನೂ ಆವರಣದ ದೊಡ್ಡ ಮಳೆಮರದ ಬುಡಕ್ಕೆ ಕರೆದುಕೊಂಡು ಹೋದೆ. ಅದರ ಕಾಂಡದ ತುಂಬ ಬೂದು, ತಿಳಿಹಸಿರು, ಹಳದಿ ಕಲೆಗಳು. ಒಬ್ಬ ಹುಡುಗ “ಮರಕ್ಕೆ ಕಜ್ಜಿ” ಎಂದ. ಅದಕ್ಕೇ ಕಾಯುತ್ತಿದ್ದವಳಂತೆ ನಾನು ಬೂದು ಕಲೆಯ ಮೇಲೆ ಬೆರಳಿಟ್ಟು, “ಕಜ್ಜಿ ಅಲ್ಲ, ನೀವು ಈಗ ಮೂಸಿ ನೋಡಿದ ಕಲ್ಲುಹೂವೇ ಇದು. ಇದರ ವೈಜ್ಞಾನಿಕ ಹೆಸರು ಪಾರ್ಮೀಲಿಯ” ಎಂದೆ. ಪಿಯುಸಿಯಿಂದ ಬಾಯಿಪಾಠವಾಗಿದ್ದ ಹೆಸರು ಅದು, ತಡೆಯಿಲ್ಲದೆ ಬಂತು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ತನ್ನ ಕೈಯಲ್ಲಿದ್ದ ಮಸಾಲೆಯ ಚೂರನ್ನು ತೊಗಟೆಯ ಪಕ್ಕದಲ್ಲಿ ಹಿಡಿದಳು. ಅದನ್ನು ತಿರುಗಿಸಿದಳು. ಮತ್ತೆ ತೊಗಟೆ ನೋಡಿದಳು. “ಮಿಸ್, ಇದು ಕೆಳಗೆ ಕಪ್ಪಗಿದೆ, ಅಗಲ ಇದೆ, ಎತ್ತಿದ್ರೆ ಬರತ್ತೆ. ಅದು ಉಗುರು ಹಾಕಿದ್ರೂ ಬರ್ತಿಲ್ಲ. ಎರಡೂ ಒಂದೇ ಹೇಗೆ?”

ನನಗೆ ಗೊತ್ತಿರಲಿಲ್ಲ. ಹಿಂದೆ ಮಾರ್ಗದರ್ಶಕರು ನಿಂತಿದ್ದರು, ಕೈಯಲ್ಲಿ ವೀಕ್ಷಣಾ ಪತ್ರ. “ಇದು ಇನ್ನೂ ಎಳೆಯದು ಪುಟ್ಟಿ, ಬೆಳೆದ ಮೇಲೆ ಹಾಗೆ ಆಗುತ್ತೆ” ಎಂದೆ. ಹುಡುಗಿ ತಲೆಯಾಡಿಸಿದಳು. ಒಪ್ಪಿದವರು ತಲೆಯಾಡಿಸುವ ರೀತಿಯಲ್ಲಿ ಅಲ್ಲ.

ವೀಕ್ಷಣಾ ಪತ್ರದಲ್ಲಿ ‘ವಿಷಯ ಪ್ರಭುತ್ವ’ದ ಕಾಲಂನಲ್ಲಿ ಐದಕ್ಕೆ ನಾಲ್ಕು. ಷರಾದಲ್ಲಿ ‘ಸ್ಥಳೀಯ ಪರಿಸರದ ಬಳಕೆ ಉತ್ತಮ’. ಅದುವರೆಗೆ ನನಗೆ ಬಂದವುಗಳಲ್ಲೇ ಒಳ್ಳೆಯ ಅಂಕ ಅದು. ಸಂಜೆ ಬಸ್ಸು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಎಂದಿನಂತೆ ನಿಂತುಕೊಂಡಾಗ ಆ ಪತ್ರವನ್ನು ತೆಗೆದು ಇನ್ನೊಮ್ಮೆ ಓದಿದೆ. ಸಂತೋಷವಾಗಬೇಕಿತ್ತು. ‘ಎಳೆಯದು’ ಎಂಬ ಪದವೇ ಕಿವಿಯಲ್ಲಿ ಕೂತಿತ್ತು.

ಮನೆಗೆ ಬಂದು ಉಳಿದ ಪೊಟ್ಟಣವನ್ನು ಬಿಳಿ ಹಾಳೆಯ ಮೇಲೆ ಸುರಿದು, ಬಿ.ಎಸ್ಸಿ.ಯಲ್ಲಿ ಕೊಂಡಿದ್ದ ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಹಿಡಿದು ನೋಡಿದೆ. ಮೊದಲ ಆಘಾತ ಅಲ್ಲೇ. ಅದು ಒಂದು ವಸ್ತುವಾಗಿರಲಿಲ್ಲ. ಅಗಲ ಹಾಳೆಯಂತೆ ಮೇಲೆ ಬೂದು, ಕೆಳಗೆ ಕಪ್ಪು ಇರುವವು ಕೆಲವು. ಪಟ್ಟಿಯಂತೆ ಸೀಳಿಕೊಂಡು ಅಂಚಿನಲ್ಲಿ ಕಪ್ಪು ರೆಪ್ಪೆಯಂಥ ಕೂದಲಿರುವವು ಕೆಲವು. ನಡುನಡುವೆ ನೂಲಿನಂಥ ಹಸಿರು ಎಳೆ. ಆಮೇಲೆ ಓದಿ ತಿಳಿದದ್ದು: ಮಾರುಕಟ್ಟೆಯ ಕಲ್ಲುಹೂವು ಹಲವು ಪ್ರಭೇದಗಳ ಬೆರಕೆ. ಅಗಲವಾದವು ಪಾರ್ಮೊಟ್ರೆಮ ಕುಲದವು, ಪಟ್ಟಿಯಂಥವನ್ನು ಎವರ್ನಿಯಾಸ್ಟ್ರಮ್ ಎನ್ನುತ್ತಿದ್ದರು, ಈಗ ಹೈಪೊಟ್ರಾಕೈನ ಕುಲಕ್ಕೆ ಸೇರಿಸಿದ್ದಾರೆ, ನೂಲಿನಂಥದು ಅಸ್ನಿಯ. ಹೆಸರಿನಲ್ಲಿ ಕಲ್ಲು ಇದ್ದರೂ ಇವುಗಳಲ್ಲಿ ಬಹುಪಾಲು ಕೊಯ್ದು ತರುವುದು ಮರದ ತೊಗಟೆಯಿಂದ. ಇನ್ನು ನಾನು ಅಷ್ಟು ಧೈರ್ಯವಾಗಿ ಹೇಳಿದ ಪಾರ್ಮೀಲಿಯ? ಆ ಹಳೆಯ ದೊಡ್ಡ ಕುಲ ಹತ್ತಾರು ಚಿಕ್ಕ ಕುಲಗಳಾಗಿ ಒಡೆದು ಎಷ್ಟೋ ವರ್ಷಗಳಾಗಿವೆ. ನನ್ನ ಪುಸ್ತಕದಲ್ಲಿ ಮಾತ್ರ ಅದು ಒಡೆದಿರಲಿಲ್ಲ. ಒಟ್ಟಿನಲ್ಲಿ ಮಸಾಲೆಗೂ ಆ ಹೆಸರು ಸಲ್ಲದು, ಮರದ ಮೇಲಿನ ಬೂದು ಕಲೆಗೂ ಸಲ್ಲದು. ಹುಡುಗಿ ಕಂಡ ಮೂರು ವ್ಯತ್ಯಾಸಗಳೂ ಸರಿಯಾಗಿದ್ದವು. ಕೆಳಭಾಗದ ಬಣ್ಣ, ಹಾಳೆಯ ಅಗಲ, ಆಸರೆಗೆ ಎಷ್ಟು ಬಿಗಿಯಾಗಿ ಅಂಟಿದೆ ಎಂಬುದು, ಕಲ್ಲುಹೂವು ತಜ್ಞರು ಮೊದಲು ನೋಡುವುದು ಇವನ್ನೇ.

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. “ಇಷ್ಟು ವರ್ಷ ಆದಮೇಲೆ ಒಬ್ಬರು ಕೇಳಿದ್ರಲ್ಲ” ಎಂದು ನಕ್ಕು, ಧರಣಿ ಧರ್ ಅವಸ್ಥಿಯವರ ಹೆಸರು ಹೇಳಿದರು. ಲಖನೌ ವಿಶ್ವವಿದ್ಯಾಲಯದಲ್ಲಿದ್ದ ಅವಸ್ಥಿ ಭಾರತದ ಕಲ್ಲುಹೂವುಗಳನ್ನು ಗುರುತಿಸಲು ಎರಡು ಕೀಲಿಗಳನ್ನು ಬರೆದವರು: ಎಲೆಯಂತೆ, ಪೊದೆಯಂತೆ ಬೆಳೆಯುವ ದೊಡ್ಡವಕ್ಕೆ 1988ರಲ್ಲಿ, ತೊಗಟೆಗೆ ಬಣ್ಣ ಬಳಿದಂತೆ ಅಂಟಿರುವ ಚಿಕ್ಕವಕ್ಕೆ 1991ರಲ್ಲಿ. ಕೀಲಿ ಎಂದರೆ ಪ್ರತಿ ಹೆಜ್ಜೆಯಲ್ಲೂ ಎರಡೆರಡು ಆಯ್ಕೆ. ಕೆಳಗೆ ಬೇರಿನಂಥ ಎಳೆ ಇದೆಯೇ, ಇಲ್ಲವೇ? ಇದ್ದರೆ ಈ ಸಂಖ್ಯೆಗೆ ಹೋಗು, ಇಲ್ಲದಿದ್ದರೆ ಆ ಸಂಖ್ಯೆಗೆ. ಓದಲು ಸುಲಭ ಎನಿಸುತ್ತದೆ. ನಾಲ್ಕನೇ ಹೆಜ್ಜೆಗೆ ‘ಸ್ಪೋರುಗಳಲ್ಲಿ ಎಷ್ಟು ಕೋಣೆ’ ಎಂದು ಕೇಳುತ್ತದೆ, ಅಲ್ಲಿಗೆ ಕೈಮಸೂರದ ಆಟ ಮುಗಿಯಿತು. ಬ್ಲೇಡಿನಿಂದ ತೆಳುವಾದ ಸೀಳು ತೆಗೆದು ಸೂಕ್ಷ್ಮದರ್ಶಕದಡಿ ಇಡಬೇಕು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ಸಂಜೆ ಪ್ರಯತ್ನಿಸಿದೆ. ನನ್ನ ಸೀಳುಗಳು ಬಾಳೆಕಾಯಿ ಚಿಪ್ಸಿನಷ್ಟು ದಪ್ಪ.

ಕರ್ನಾಟಕದ ಕಲ್ಲುಹೂವುಗಳ ಅಧ್ಯಯನ ಎಂದರೆ ಬಹುಮಟ್ಟಿಗೆ ಪಶ್ಚಿಮ ಘಟ್ಟ. ಅದು ಸಹಜ, ಮಳೆಯೂ ಕಾಡೂ ಅಲ್ಲಿವೆ. ಬೆಂಗಳೂರಿನ ಬಗ್ಗೆ ನನಗೆ ಸಿಕ್ಕ ಮುಖ್ಯ ಲೇಖನ 2003ರ ‘ಕರೆಂಟ್ ಸೈನ್ಸ್’ ಪತ್ರಿಕೆಯದು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ನಾಯಕ, ಉಪ್ರೇತಿ ಮುಂತಾದವರು ಮಾಧವ ಗಾಡ್ಗೀಳರ ಜೊತೆ ಸೇರಿ ಬರೆದದ್ದು. ನಗರದಲ್ಲಿ ಕಲ್ಲುಹೂವುಗಳು ಎಲ್ಲೆಲ್ಲಿ ಹೇಗೆ ಹರಡಿವೆ, ಅವುಗಳೊಳಗೆ ಭಾರಲೋಹಗಳು ಎಷ್ಟು ಸೇರಿವೆ ಎಂಬುದು ವಿಷಯ. ಹೆಚ್ಚಿನ ಗಮನ ಲಾಲ್‌ಬಾಗಿನ ಮೇಲೆ. ಗಾಡ್ಗೀಳರು ಕೆಲಸ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆ ಇರುವುದು ಯಶವಂತಪುರದ ಪಕ್ಕದಲ್ಲೇ. ಕೆಲವು ವರ್ಷ ಅದೇ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗಿದ್ದೇನೆ, ಒಳಗಿನ ಮರಗಳ ತೊಗಟೆಯನ್ನು ಯಾರಾದರೂ ಓದುತ್ತಾರೆಂದು ತಿಳಿಯದೆ. ಇಷ್ಟಾಗಿಯೂ ನಮ್ಮ ಶಾಲೆಯ ಮಳೆಮರದ ಬಗ್ಗೆ ಯಾವ ಪುಸ್ತಕವೂ ಏನನ್ನೂ ಹೇಳುವುದಿಲ್ಲ. ಅಲ್ಲಿ ಉತ್ತರ ಹುಡುಕಬೇಕಾದರೆ ಮರದ ಬಳಿಯೇ ಹೋಗಬೇಕಿತ್ತು.

ಮುಂದಿನ ಸೋಮವಾರ ತರಗತಿಯಲ್ಲಿ ಮೊದಲು ಹೇಳಬೇಕಾದ ಮಾತನ್ನು ಹೇಳಿದೆ. “ಕಳೆದ ವಾರ ಮರದ ಮೇಲಿನ ಬೂದು ಕಲೆ ಎಳೆಯ ಕಲ್ಲುಹೂವು ಅಂದೆ. ಅದು ತಪ್ಪು. ನನಗೆ ಗೊತ್ತಿರಲಿಲ್ಲ, ಗೊತ್ತಿರುವ ಹಾಗೆ ಹೇಳಿದೆ.” ಇದನ್ನು ಹೇಳುವುದು ಹೇಗೆಂದು ಎರಡು ರಾತ್ರಿ ಯೋಚಿಸಿದ್ದೆ. ಮಕ್ಕಳು ಗೌರವ ಕಳೆದುಕೊಳ್ಳುತ್ತಾರೆ, ಗಲಾಟೆ ಮಾಡುತ್ತಾರೆ ಎಂದುಕೊಂಡಿದ್ದೆ. ಅಂಥದ್ದೇನೂ ಆಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ “ಹಾಗಾದ್ರೆ ಅದರ ಹೆಸರೇನು ಮಿಸ್?” ಎಂದ. “ಇನ್ನೂ ಗೊತ್ತಿಲ್ಲ” ಎಂದೆ. ಆಗ ಮಾತ್ರ ತರಗತಿ ಒಂದು ಕ್ಷಣ ಸುಮ್ಮನಾಯಿತು. ಪ್ರಶ್ನೆ ಕೇಳಿದ್ದ ಹುಡುಗಿ ನನ್ನನ್ನು ನೋಡುತ್ತಿದ್ದಳು, ಏನೂ ಹೇಳಲಿಲ್ಲ.

ಅಂದಿನಿಂದ ಊಟದ ಬಿಡುವಿನ ಕೊನೆಯ ಹದಿನೈದು ನಿಮಿಷ ನಮ್ಮದಾಯಿತು. ಪಾಠದ ಅವಧಿಯನ್ನು ಮುಟ್ಟುವಂತಿರಲಿಲ್ಲ. ಘಟಕ ಮುಗಿಸಬೇಕಾದ ದಿನಾಂಕ ಮೊದಲೇ ಗೊತ್ತಾಗಿತ್ತು. ಕಾಂಡವನ್ನು ಕೆರೆಯಬಾರದೆಂದು ಮೊದಲೇ ನಿಯಮ ಮಾಡಿಕೊಂಡೆವು. ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಒಂದು ಉಗುರಿನ ಗೀರು ಎಷ್ಟೋ ವರ್ಷದ ಬೆಳವಣಿಗೆಯನ್ನು ಕಿತ್ತುಹಾಕಬಹುದು. ಆಗಸ್ಟಿನ ಗಾಳಿಮಳೆಗೆ ಉದುರಿದ ಕಡ್ಡಿ, ತೊಗಟೆ ಸಾಕಷ್ಟಿದ್ದವು. ಮಳೆಮರ, ಹೊಂಗೆ, ಒಂದು ಮಾವು, ಕಾಂಪೌಂಡಿನ ಕಲ್ಲುಚಪ್ಪಡಿ, ಇಷ್ಟೇ ನಮ್ಮ ಕ್ಷೇತ್ರ. ಬಿದ್ದದ್ದನ್ನು ಆರಿಸುವುದು, ಕಾಂಡದ ಮೇಲೆ ಇರುವುದನ್ನು ಚಿತ್ರ ಬರೆಯುವುದು.

ಆಮೇಲೆ ಗುಂಪು ಮಾಡುವ ಕೆಲಸ. ಹೆಸರಿಲ್ಲ, ಪುಸ್ತಕವಿಲ್ಲ. ‘ಒಂದೇ ತರಹ ಇರೋದನ್ನ ಒಂದು ಕಡೆ ಇಡಿ, ಯಾಕೆ ಇಟ್ಟಿರಿ ಅಂತ ಹೇಳಿ’ ಎಂಬುದಷ್ಟೇ ಸೂಚನೆ. ಹಿಂದಿನ ಸಂಜೆ ನಾನೊಬ್ಬಳೇ ಕೂತು ಐದು ಗುಂಪು ಮಾಡಿದ್ದೆ. ಮಕ್ಕಳು ಹನ್ನೊಂದು ಮಾಡಿದರು. ಅವರ ಕಾರಣಗಳನ್ನು ನಾನು ಬರೆದುಕೊಳ್ಳುತ್ತ ಹೋದೆ. ‘ಪುಡಿ ಕೈಗೆ ಅಂಟತ್ತೆ.’ ‘ಬಟ್ಟಲು ಇದೆ, ಅಂಚು ಬಿಳಿ.’ ‘ಬಟ್ಟಲು ಇದೆ, ಅಂಚೂ ಕಪ್ಪು.’ ‘ಬರೆದ ಹಾಗಿದೆ.’ ಈ ಕೊನೆಯದು ಹೊಂಗೆಯ ನುಣುಪು ತೊಗಟೆಯ ಮೇಲಿನ ಬಿಳಿ ಪೊರೆ, ಅದರ ಮೇಲೆ ಕಪ್ಪು ಗೀಟುಗಳು. ಒಬ್ಬ ಹುಡುಗನ ಕಾಪಿ ಬರಹದಂತಿದೆ ಎಂದು ಎಲ್ಲರೂ ನಕ್ಕರು, ಅವನೂ ನಕ್ಕ. ಅಂಥ ಕಲ್ಲುಹೂವಿನ ಒಂದು ಕುಲಕ್ಕೆ ಗ್ರಾಫಿಸ್ ಎಂದೇ ಹೆಸರು. ಗ್ರೀಕಿನಲ್ಲಿ ಬರೆಯುವುದು ಎಂಬ ಅರ್ಥದ ಪದದಿಂದ ಬಂದದ್ದು. ಆ ಹುಡುಗನಿಗೆ ಇದನ್ನು ಹೇಳಿದಾಗ ಎರಡು ದಿನ ಬೀಗಿದ.

ಹನ್ನೊಂದರಲ್ಲಿ ಒಂದನ್ನು ನಾನು ಕೈಬಿಡಿಸಬೇಕಾಯಿತು. ಮಾವಿನ ಕಾಂಡದ ನೆರಳಿನ ಬದಿಯಲ್ಲಿ ಕಿತ್ತಳೆ ಬಣ್ಣದ ಮಖಮಲ್ಲಿನಂಥ ಹೊದಿಕೆ. ಕಲ್ಲುಹೂವುಗಳಲ್ಲೆಲ್ಲ ಅದೇ ಚೆಂದ ಎಂದು ಮಕ್ಕಳು ಅದಕ್ಕೆ ಒಂದನೇ ನಂಬರು ಕೊಟ್ಟಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ಶೈವಲದ ಎಳೆಗಳು, ಶಿಲೀಂಧ್ರವೇ ಇಲ್ಲ. ಟ್ರೆಂಟಿಪೋಲಿಯ ಎಂಬ ಶೈವಲ. ಜಾತಿಯಲ್ಲಿ ಹಸಿರು ಶೈವಲವೇ, ಕಿತ್ತಳೆ ವರ್ಣಕ ಹಸಿರನ್ನು ಮುಚ್ಚಿಬಿಡುತ್ತದೆ. ಗೀಟು ಬರೆವ ಕಲ್ಲುಹೂವಿನೊಳಗೆ ಸಾಮಾನ್ಯವಾಗಿ ಇರುವುದೂ ಇದೇ ಬಗೆಯ ಶೈವಲ, ಇಲ್ಲಿ ಮಾತ್ರ ಅದು ತನ್ನಷ್ಟಕ್ಕೇ ಇದೆ. ಸಹಜೀವನಕ್ಕೆ ಪುಸ್ತಕಗಳು ಕೊಡುವ ಮನೆ ಮಾಲೀಕ ಮತ್ತು ಬಾಡಿಗೆದಾರರ ಹೋಲಿಕೆಯನ್ನು ನಾನೂ ಕೊಟ್ಟಿದ್ದೆ. “ಹಾಗಾದ್ರೆ ಇದು ಮನೆ ಖಾಲಿ ಮಾಡಿರೋ ಬಾಡಿಗೆಯವರು” ಎಂದು ಒಬ್ಬಳು ಹೇಳಿದಳು. ನನ್ನ ಹೋಲಿಕೆಗಿಂತ ಅದು ಎಷ್ಟೋ ಮೇಲು. ಕಲ್ಲುಹೂವು ಎರಡು ಜೀವಿಗಳ ಕೂಟ ಎಂದು 1860ರ ದಶಕದ ಕೊನೆಯಲ್ಲಿ ಮೊದಲು ಸಾರಿದ ಸ್ವಿಸ್ ವಿಜ್ಞಾನಿ ಶ್ವೆಂಡನರ್ ಅದನ್ನು ಸ್ನೇಹವೆಂದು ಬಣ್ಣಿಸಲಿಲ್ಲ. ಶಿಲೀಂಧ್ರ ಯಜಮಾನ, ಶೈವಲಗಳು ಸೆರೆಹಿಡಿದ ಆಳುಗಳು ಎಂದ. ಯಾವ ಹೋಲಿಕೆ ಸರಿ ಎಂಬ ಚರ್ಚೆಗೆ ಏಳನೇ ತರಗತಿಯವರು ಎಷ್ಟು ಹೊತ್ತು ಬೇಕಾದರೂ ಸಿದ್ಧ, ಗಂಟೆ ಹೊಡೆಯದಿದ್ದರೆ.

ಶೈವಲ ನಿಜವಾಗಿಯೂ ಒಳಗಿದೆ ಎಂದು ತೋರಿಸಲು ಸಲೂನಿನಲ್ಲಿರುವಂಥ ನೀರು ಸಿಂಪಡಿಸುವ ಬಾಟಲಿ ಸಾಕು. ಒಣಗಿದ ಬೂದು ಕಲೆಯ ಮೇಲೆ ಸಿಂಪಡಿಸಿದರೆ ಕೆಲವು ಕ್ಷಣಗಳಲ್ಲಿ ಹಸಿರು ಮೇಲೇಳುತ್ತದೆ. ಮೇಲಿನ ಶಿಲೀಂಧ್ರದ ಪದರ ನೀರು ಕುಡಿದು ಪಾರದರ್ಶಕವಾಗುವುದರಿಂದ ಕೆಳಗಿನ ಶೈವಲದ ಬಣ್ಣ ಕಾಣುತ್ತದೆ. ಸಹ ಪ್ರಶಿಕ್ಷಣಾರ್ಥಿಗಳು ಯಾರಾದರೂ ಈ ಪಾಠ ಮಾಡುವವರಿದ್ದರೆ ಮಸಾಲೆ ಪೊಟ್ಟಣ ಬಿಟ್ಟು ಈ ಬಾಟಲಿ ತೆಗೆದುಕೊಂಡು ಹೋಗಿ. ‘ಕಜ್ಜಿ’ ಎಂದಿದ್ದ ಹುಡುಗ ಇದನ್ನು ನೋಡಿದ ಮೇಲೆ, ಅದು ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ, ಮರದಿಂದ ಏನನ್ನೂ ಹೀರುವುದಿಲ್ಲ, ಮರ ಅದಕ್ಕೆ ಕೂರುವ ಜಾಗ ಮಾತ್ರ ಎಂದು ಬೇರೆ ತರಗತಿಯವರಿಗೆ ತಾನೇ ಹೇಳುತ್ತಿದ್ದ.

ಇನ್ನು ನಾಲ್ಕನೇ ಮತ್ತು ಆರನೇ ನಂಬರು. ಎರಡೂ ಬೂದು, ಎರಡೂ ಎಲೆಯಂತೆ ಹರಡಿ ತೊಗಟೆಗೆ ಬಿಗಿಯಾಗಿ ಅಂಟಿದವು, ನನ್ನ ತಪ್ಪು ಉತ್ತರಕ್ಕೆ ಕಾರಣವಾದ ಕಲೆಗಳು. ನಾನು ಎರಡನ್ನೂ ಒಂದೇ ಎಂದು ಸೇರಿಸಿದ್ದೆ. ಮಕ್ಕಳು ಬೇರೆ ಎಂದರು: ‘ಒಂದರ ಹಾಲೆಗಳು ತೆಳು, ಇನ್ನೊಂದು ನಡುವೆ ನೆರಿಗೆ ಬಿದ್ದಿದೆ.’ ನನ್ನ ಕಣ್ಣಿಗೆ ಕಾಣಲಿಲ್ಲ. ತೀರ್ಮಾನಕ್ಕೆ ರಸಾಯನಶಾಸ್ತ್ರದ ನೆರವು ಬೇಕಾಯಿತು. ಕಲ್ಲುಹೂವಿನಲ್ಲಿ ಶಿಲೀಂಧ್ರ ತಯಾರಿಸುವ ವಿಶಿಷ್ಟ ಆಮ್ಲಗಳಿರುತ್ತವೆ, ಕೆಲವು ಹನಿ ರಾಸಾಯನಿಕಕ್ಕೆ ಅವು ಬಣ್ಣ ಬದಲಿಸುತ್ತವೆ. ಕೆ ಪರೀಕ್ಷೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ, ಸಿ ಪರೀಕ್ಷೆಗೆ ಬ್ಲೀಚಿಂಗ್ ಪುಡಿಯ ನೀರು. ಪಿ ಪರೀಕ್ಷೆ ಎಂದೊಂದಿದೆ, ಅದರ ವಸ್ತು ವಿಷ, ನಾನು ಮುಟ್ಟಲಿಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡೂ ಚರ್ಮ ಸುಡುವಂಥದು, ಆದ್ದರಿಂದ ಕಾಲೇಜಿನಲ್ಲೇ ಹಲ್ಲುಕಡ್ಡಿಯ ತುದಿಯಿಂದ ಸಣ್ಣ ಚೂರುಗಳ ಮೇಲೆ ಇಟ್ಟು ನೋಡಿದೆ. ಆರನೇ ನಂಬರಿನ ಮೇಲ್ಪದರ ಹಳದಿಯಾಯಿತು. ನಾಲ್ಕನೆಯದು ಹಾಗೆಯೇ ಉಳಿಯಿತು.

ಮಕ್ಕಳಿಗೆ ತೋರಿಸಲು ಇನ್ನೊಂದು ದಾರಿ ಇತ್ತು: ಅಂಗಡಿಯವರು ಖೋಟಾ ನೋಟು ಪತ್ತೆಹಚ್ಚಲು ಇಟ್ಟುಕೊಳ್ಳುವ ಅತಿನೇರಳೆ ಟಾರ್ಚು. ಕ್ರೀಡಾ ಸಾಮಗ್ರಿಯ ಕೋಣೆಯ ಕಿಟಕಿ ಮುಚ್ಚಿ, ಕಣ್ಣಿಗೆ ಬಿಡಬಾರದೆಂದು ಎಚ್ಚರಿಸಿ, ಎರಡು ತೊಗಟೆಯ ಚೂರುಗಳ ಮೇಲೆ ಬೆಳಕು ಹಾಯಿಸಿದೆ. ಆರನೆಯದು ಮಂಕಾಗಿಯೇ ಇತ್ತು. ನಾಲ್ಕನೆಯದು ಅರಿಶಿನದ ಹಳದಿಯಾಗಿ ಹೊಳೆಯಿತು. ಹರಕಲು ವಾಲಿಬಾಲು, ಧೂಳು, ಕತ್ತಲೆ, ಮಧ್ಯದಲ್ಲಿ ಅದೊಂದು. ಇಪ್ಪತ್ತು ಮಕ್ಕಳು ಒಟ್ಟಿಗೆ ಉಸಿರೆಳೆದ ಸದ್ದು ನನಗೆ ಈಗಲೂ ನೆನಪಿದೆ. ಹೊಳೆಯುವ ವಸ್ತು ಲೈಕೆಕ್ಸಾಂತೋನ್. ಮೇಲ್ಪದರದಲ್ಲಿ ಅದಿದ್ದು, ಕೆ ಪರೀಕ್ಷೆಗೆ ಬಣ್ಣ ಬರದೆ, ಕೆಳಗೆ ಕಪ್ಪು ಬೇರೆಳೆಗಳಿರುವ ನಾಲ್ಕನೆಯದು ಪಿಕ್ಸಿನ್ ಕುಲದ್ದು, ಬಹುಶಃ ಪಿಕ್ಸಿನ್ ಕೊಕೋಯಿಸ್. ಊರಿನ ಮರಗಳ ಮೇಲೆ ಸಾಮಾನ್ಯವಾಗಿ ಸಿಗುವ ಪ್ರಭೇದ. ಕೆಳಗೆ ಬೇರೆಳೆಗಳೇ ಇಲ್ಲದ, ಹಳದಿಯಾದ ಆರನೆಯದು ಡಿರಿನೇರಿಯ ಕುಲದ್ದು. ಅದರಾಚೆ ನನ್ನಿಂದ ಹೋಗಲಾಗಲಿಲ್ಲ.

ಈ ಹನಿ ಪರೀಕ್ಷೆಗಳನ್ನು ಬಳಕೆಗೆ ತಂದವನು ಫಿನ್ಲೆಂಡಿನಿಂದ ಹೋಗಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ವಿಲಿಯಂ ನೈಲಾಂಡರ್, 1866ರಲ್ಲಿ. ಅದೇ ವರ್ಷ ಅವನು ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳ ಬಗ್ಗೆ ಬರೆದು, ಅವು ನಗರದ ಗಾಳಿಯ ಶುದ್ಧತೆಯನ್ನು ಹೇಳುತ್ತವೆ ಎಂದೂ ತೋರಿಸಿದ. ಇಷ್ಟು ಸೂಕ್ಷ್ಮವಾಗಿ ನೋಡಿದ ಮನುಷ್ಯ, ಕಲ್ಲುಹೂವು ಎರಡು ಜೀವಿಗಳ ಕೂಟ ಎಂಬ ಶ್ವೆಂಡನರನ ಮಾತನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಗಾಳಿಯ ಮಾತು ಬಂದದ್ದರಿಂದ ಮಕ್ಕಳಿಗೆ ಮನೆಗೆಲಸ ಕೊಟ್ಟೆ: ನಿಮ್ಮ ಬೀದಿಯ ಒಂದು ಮರ ನೋಡಿ, ಎಷ್ಟು ಬಗೆ ಇವೆ ಎಣಿಸಿ. ಕಲ್ಲುಹೂವಿಗೆ ಬೇರಿಲ್ಲ, ಮೇಲೆ ಮೇಣದ ಹೊದಿಕೆಯೂ ಇಲ್ಲ. ನೀರು, ಖನಿಜ, ಹೊಗೆ, ಗಂಧಕದ ಡೈಆಕ್ಸೈಡು ಎಲ್ಲವನ್ನೂ ಗಾಳಿಯಿಂದ ನೇರವಾಗಿ ಹೀರುತ್ತದೆ ಎಂದು ಹೇಳಿದ್ದೆ. ಬಳ್ಳಾರಿ ರಸ್ತೆಯ ಹತ್ತಿರದ ಮನೆಯವರು ‘ಸೊನ್ನೆ’ ಎಂದು ಬರೆದುಕೊಂಡು ಬಂದರು, ಒಳಗಿನ ಬಡಾವಣೆಯವರು ಮೂರು, ನಾಲ್ಕು ಎಂದರು. ಎಷ್ಟು ಅಚ್ಚುಕಟ್ಟಾದ ಫಲಿತಾಂಶ! ‘ವಾಹನದ ಹೊಗೆಯಿಂದ ಕಲ್ಲುಹೂವು ನಾಶವಾಗುತ್ತದೆ’ ಎಂದು ಬರೆಯಲು ಸೀಮೆಸುಣ್ಣ ಎತ್ತಿಯೇ ಬಿಟ್ಟಿದ್ದೆ. ಆಗ ಮಸಾಲೆ ಚೂರಿನ ಹುಡುಗಿ ಎದ್ದು, “ಮಿಸ್, ರೋಡಿನ ಮರಕ್ಕೆ ಸುಣ್ಣ ಕೆಮ್ಮಣ್ಣು ಹಚ್ಚಿದಾರೆ. ಕೆಳಗೆ ಇರೋಕೆ ಹೇಗಾಗತ್ತೆ?” ಎಂದಳು.

ಸೀಮೆಸುಣ್ಣ ಕೆಳಗಿಟ್ಟೆ. ಮರುದಿನ ಸಂಜೆ ಬಸ್ಸಿಗೆ ಕಾಯುತ್ತ ನಾನೇ ನೋಡಿದೆ. ರಸ್ತೆ ಬದಿಯ ಮರಗಳಿಗೆ ಆಳೆತ್ತರದವರೆಗೆ ಬಳಿದ ಬಣ್ಣ; ಅದರ ಮೇಲೆ, ಕತ್ತೆತ್ತಿದರೆ ಕೆಲವದರಲ್ಲಿ ಹಳದಿ ಪುಡಿಯ ಕಲೆ, ಒಂದೆರಡರಲ್ಲಿ ಬೂದು. ಒಳಬೀದಿಗಳಷ್ಟು ಇಲ್ಲ, ಸೊನ್ನೆಯೂ ಅಲ್ಲ. ಹೊಗೆ, ಬಣ್ಣ, ಬಿಸಿಲು, ತೊಗಟೆಯ ಬಗೆ, ಮರದ ವಯಸ್ಸು ಇವುಗಳಲ್ಲಿ ಯಾವುದು ಎಷ್ಟು ಎಂದು ಹೇಳಲು ನಮ್ಮ ಮನೆಗೆಲಸ ಸಾಲದು. ಯುರೋಪಿನಲ್ಲಿ ಇದಕ್ಕೊಂದು ಕ್ರಮವಿದೆ: ಕಾಂಡದ ನಾಲ್ಕು ದಿಕ್ಕಿಗೂ 10 ಸೆಂಟಿಮೀಟರ್ ಬದಿಯ ಐದೈದು ಚೌಕಗಳ ಏಣಿ ಇಟ್ಟು, ಪ್ರತಿ ಚೌಕದಲ್ಲಿ ಯಾವುದಿದೆ ಎಂದು ಎಣಿಸುತ್ತಾರೆ. ನಾವು ಗೋಣಿದಾರದಿಂದ ಅಂಥದೊಂದು ಏಣಿ ಕಟ್ಟಿದೆವು, ಒಂದು ಬದಿಗೆ ಮಾತ್ರ. ಕಪ್ಪುಹಲಗೆಯ ಮೇಲೆ ಬರೆದದ್ದು ಇಷ್ಟು: ‘ರಸ್ತೆಯ ಮರಗಳಲ್ಲಿ ಕಡಿಮೆ ಕಂಡವು. ಕಾರಣ ಇನ್ನೂ ಗೊತ್ತಿಲ್ಲ.’ ಒಂದು ಘಟಕದ ಕೊನೆಗೆ ಹೀಗೆ ಬರೆದು ನಿಲ್ಲಿಸುವುದು ಎಷ್ಟು ಮುಜುಗರದ್ದೆಂದು ಪಾಠ ಮಾಡಿದವರಿಗೇ ಗೊತ್ತು. ಅದರ ಮೇಲೆ ಪರೀಕ್ಷೆಗೆ ಯಾವ ಪ್ರಶ್ನೆ ಹಾಕುವುದು?

ಮಾರ್ಗದರ್ಶಕರನ್ನು ಕಂಡು, ಅವರು ಒಳ್ಳೆಯ ಅಂಕ ಕೊಟ್ಟ ಪಾಠದಲ್ಲಿ ನಾನು ತಪ್ಪು ಹೇಳಿದ್ದೆ ಎಂದು ತಿಳಿಸಿದ್ದು ಇದೆಲ್ಲ ಆದಮೇಲೆ. ಅಷ್ಟು ದಿನ ಮುಂದೂಡಿದ್ದಕ್ಕೆ ಅಂಕದ ಆಸೆಯೇ ಕಾರಣ, ಬೇರೆ ಹೇಳಿದರೆ ಸುಳ್ಳಾಗುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾನೂ ಅದನ್ನ ಪಾರ್ಮೀಲಿಯ ಅಂತಲೇ ಅಂದುಕೊಂಡಿದ್ದೆ, ನಾವು ಓದಿದ್ದು ಹಾಗೇ” ಎಂದರು. ಟಾರ್ಚು ತೋರಿಸು ಎಂದರು. ತೋರಿಸಿದೆ.

ನಮ್ಮ ಅವಧಿ ಮುಗಿಯುವ ವಾರ ಶಾಲೆಯಲ್ಲೊಂದು ಕಾರ್ಯಕ್ರಮವಿತ್ತು. ಶುಕ್ರವಾರ ಬೆಳಿಗ್ಗೆ ಹೋದರೆ ಮಳೆಮರದ ಕಾಂಡಕ್ಕೆ ನಾಲ್ಕಡಿ ಎತ್ತರದವರೆಗೆ ಬಿಳಿ ಸುಣ್ಣ, ಮೇಲಂಚಿಗೆ ಕೆಮ್ಮಣ್ಣಿನ ಪಟ್ಟಿ. ದಾರದ ಏಣಿಯನ್ನು ಬಿಚ್ಚಿ ಕೊಂಬೆಗೆ ನೇತುಹಾಕಿದ್ದರು, ಅಷ್ಟು ಕಾಳಜಿ. ಯಾರನ್ನು ದೂರುವುದು? ಮರ ಅಂದವಾಗಿ ಕಾಣಲಿ ಎಂದು ಮಾಡಿದ್ದು, ನಾವು ಯಾರಿಗೂ ಹೇಳಿಯೂ ಇರಲಿಲ್ಲ. ಮಕ್ಕಳು ಮುಖ್ಯಶಿಕ್ಷಕರ ಬಳಿ ಹೋಗಿ ಏನು ಮಾತಾಡಿದರೋ, ಮಧ್ಯಾಹ್ನ ಒಂದು ಬೆಂಚು ಹೊರಗೆ ಬಂತು. ಅದರ ಮೇಲೆ ನಿಂತು ಕೆಂಪು ಪಟ್ಟಿಗಿಂತ ಒಂದು ಗೇಣು ಮೇಲೆ ಏಣಿ ಕಟ್ಟಿದರು. ಅಲ್ಲಿ ನಾಲ್ಕನೆಯದು ಇತ್ತು, ಆರನೆಯದು ಇರಲಿಲ್ಲ.

ವಿಜ್ಞಾನ ಬೀರುವಿನಲ್ಲಿ ಇಟ್ಟು ಬಂದ ರಿಜಿಸ್ಟರಿನಲ್ಲಿ ಹತ್ತು ನಮೂದುಗಳಿವೆ. ಒಂದಕ್ಕೆ ‘ಪಿಕ್ಸಿನ್ ಕೊಕೋಯಿಸ್ ಇರಬಹುದು’, ಹಳದಿ ಪುಡಿಗೆ ‘ಕ್ರೈಸೋತ್ರಿಕ್ಸ್ ಇರಬಹುದು’, ಒಂದಕ್ಕೆ ಕುಲ ಮಾತ್ರ, ಗೀಟಿನದಕ್ಕೆ ಗ್ರಾಫಿಸ್‌ನ ಕುಟುಂಬ ಮಾತ್ರ. ಉಳಿದ ಆರಕ್ಕೆ ಹೆಸರಿನ ಜಾಗ ಖಾಲಿ; ಸಿಕ್ಕ ಮರ, ದಿಕ್ಕು, ಎತ್ತರ, ಬಣ್ಣ, ಬಟ್ಟಲು ಇದೆಯೋ ಇಲ್ಲವೋ ಎಂಬುದು ಮಾತ್ರ ತುಂಬಿದೆ. ಕೊನೆಯ ದಿನ ಆ ಹುಡುಗಿ ನ್ಯೂಸ್‌ಪೇಪರಿನಲ್ಲಿ ಮಡಿಸಿದ ಒಂದು ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟಳು. ಮೊದಲ ದಿನದ ಮಸಾಲೆ ಚೂರು. ಮೇಲೆ ನೀಲಿ ಪೆನ್ನಿನಲ್ಲಿ ಬರೆದಿತ್ತು: ‘ನಂ. 11. ಸಿಕ್ಕಿದ್ದು: ಮಿಸ್ ಕೊಟ್ಟಿದ್ದು, ಅಂಗಡಿ. ಬೆಳೆದ ಜಾಗ: ಗೊತ್ತಿಲ್ಲ. ಮೇಲೆ ಬೂದು, ಕೆಳಗೆ ಕಪ್ಪು. ಎಳೆಯದಲ್ಲ.’